ಶುನಕ-ಜನನೀ ಶುಶ್ರೂಷಾ ಮೀಮಾಂಸೆ

ಶುಶ್ರೂಷೆ ಎಂಬ ಶಬ್ದದ ಧಾತು ‘ಶ್ರು’. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಗುರುವಿನ ಮಾತಿಗೆ ಕಿವಿಗೊಟ್ಟು ಕಾದಿರುವ ಶಿಷ್ಯನ ಗುಣವದು. ಸೇವೆ, ಆರೈಕೆ ಎಂಬ ಅರ್ಥಗಳು ಅಲ್ಲಿಂದ ಬೆಳೆದವು. ನಮ್ಮ ಮನೆಯ ಹಜಾರದಲ್ಲಿ ಹನ್ನೆರಡು ದಿನ ನಡೆದ ಕ್ಷೇತ್ರಕಾರ್ಯದಿಂದ ತಿಳಿದುಬಂದಿರುವುದೇನೆಂದರೆ, ಈ ಇಚ್ಛೆ ಇರಬೇಕಾದ್ದು ಶುಶ್ರೂಷೆ ಮಾಡುವವನಿಗೆ ಮಾತ್ರ. ಮಾಡಿಸಿಕೊಳ್ಳುವವರಿಗೆ ಯಾರ ಮಾತನ್ನೂ ಕೇಳುವ ಕಟ್ಟುಪಾಡಿಲ್ಲ.

ಅಧ್ಯಯನಕ್ಕೆ ಒಳಪಟ್ಟವರು ಇಬ್ಬರು. ಮೊದಲನೆಯವಳು ಅವ್ವ: ವಯಸ್ಸು 81, ಮದ್ದೂರು ಸೀಮೆಯವಳು, ಸೊಂಟದ ಮೂಳೆ ಮುರಿದು ರಾಡು ಹಾಕಿಸಿಕೊಂಡು ವಾಕರ್ ಹಿಡಿದವಳು. ಬಲಗಿವಿ ಮಂದ, ಎಡಗಿವಿ ತನಗೆ ಬೇಕಾದಾಗ ಚುರುಕು. ಎರಡನೆಯವಳು ರಾಣಿ: ವಯಸ್ಸು 8, ಬೀದಿಯಲ್ಲಿ ಹುಟ್ಟಿ ನಮ್ಮ ಸೋಫಾಕ್ಕೆ ಬಡ್ತಿ ಪಡೆದವಳು. ಸಂಶೋಧಕ ಒಬ್ಬನೇ. ಅವನ ಆರೋಗ್ಯವನ್ನು ಯಾರೂ ವಿಚಾರಿಸದ ಕಾರಣ ದತ್ತಾಂಶ ಲಭ್ಯವಿಲ್ಲ.

ರೋಗನಿದಾನದ ಕೀರ್ತಿ ಅವ್ವನದು. “ಏನ್ಲಾ ಮಗ, ಈ ಪಾಟಿ ನೀರು ಕುಡೀತಾಳಲ್ಲ ಇವಳು, ಸಕ್ರೆ ಕಾಯ್ಲೆ ಬಂದದಾ ಏನ್ ಕತೆ?” ಎಂದಳು. ಕಾಯಿಲೆಯ ಹೆಸರು ತಪ್ಪಿತ್ತು, ಲಕ್ಷಣ ತಪ್ಪಿರಲಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣುನಾಯಿಗಳಿಗೆ ನಡುವಯಸ್ಸು ದಾಟಿದ ಮೇಲೆ, ಬೆದೆ ಮುಗಿದ ಕೆಲವು ವಾರಗಳಲ್ಲಿ, ಗರ್ಭಕೋಶದಲ್ಲಿ ಕೀವು ತುಂಬುವುದುಂಟು. ಪಯೋಮೆಟ್ರಾ ಎನ್ನುತ್ತಾರೆ. ಒಳಗಿನ ನಂಜಿಗೆ ಬಾಯಾರಿಕೆ ವಿಪರೀತವಾಗುತ್ತದೆ. ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ಅಂದು ಸಂಜೆಯೇ ಗರ್ಭಕೋಶ ತೆಗೆದರು. ಸುದ್ದಿ ಕೇಳಿ ಅವ್ವ, “ನಂಗೂ ತೆಗೆದಿದ್ರಲ್ಲ” ಎಂದು ತನ್ನ ಹೊಟ್ಟೆ ಸವರಿಕೊಂಡಳು. ಆ ಕ್ಷಣದಲ್ಲಿ ಇಬ್ಬರು ರೋಗಿಗಳು ಸೇರಿ ಒಂದು ಸಂಘವಾಯಿತು. ಸಂಶೋಧಕ ಅದನ್ನು ಗುರುತಿಸಿದ್ದು ಬಹಳ ತಡವಾಗಿ.

ಪಶುವೈದ್ಯರ ಚೀಟಿಯಲ್ಲಿ ಮೂರು ಸೂತ್ರಗಳಿದ್ದವು: ಹಾರಬಾರದು, ಮೆಟ್ಟಿಲು ಹತ್ತಬಾರದು, ಹೊಲಿಗೆ ನೆಕ್ಕಬಾರದು. ಅವ್ವನ ಮೂಳೆ ಡಾಕ್ಟರ ಚೀಟಿಯೊಡನೆ ಹೋಲಿಸಿ ನೋಡಲಾಗಿ ಮೊದಲೆರಡು ಸೂತ್ರಗಳು ಅಕ್ಷರಶಃ ಒಂದೇ. ಮೂರನೆಯದು ಅಲ್ಲಿಲ್ಲ, ಅದೊಂದೇ ಪಾಠಾಂತರ.

ನೆಕ್ಕದಿರಲೆಂದು ರಾಣಿಯ ಕೊರಳಿಗೆ ಪ್ಲಾಸ್ಟಿಕ್ಕಿನ ಕೋನ್ ಬಂತು. ಅದರ ಪೂರ್ಣನಾಮ ಎಲಿಜಬೆತನ್ ಕಾಲರ್. 1558ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದ ಒಂದನೇ ಎಲಿಜಬೆತ್ ರಾಣಿಯ ಕಾಲದ ಶ್ರೀಮಂತರು ಕತ್ತಿನ ಸುತ್ತ ಧರಿಸುತ್ತಿದ್ದ ನೆರಿಗೆಪಟ್ಟಿಯನ್ನು ಹೋಲುವುದರಿಂದ ಆ ಹೆಸರು. ನಮ್ಮ ರಾಣಿಗೆ ಇದು ವಂಶಪಾರಂಪರ್ಯವಾಗಿ ಬಂದ ಗೌರವವೆಂದು ಪ್ರತಿಪಾದಿಸುವ ಆಸೆ ನನಗಿತ್ತು. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. “ಗ್ರಾಮಫೋನಿನ ನಾಯಿ ಮಾರ್ಕಿನ ಪ್ಲೇಟಿನಲ್ಲಿ ನಾಯಿ ಕೊಂಬಿನ ಮುಂದೆ ಕೂತಿರದು. ಇದು ಒಳಕ್ಕೇ ಹೋಗ್ಬುಟ್ಟದಲ್ಲೋ!” ವಾದ ಅಲ್ಲಿಗೆ ಬಿದ್ದುಹೋಯಿತು. ಆ ಕೊಂಬಿನಿಂದ ಹೊರಟ ನರಳಾಟ ರಾತ್ರಿಯಿಡೀ ಎರಡು ಪಟ್ಟಾಗಿ ಕೇಳಿಸಿತು, ನನಗೆ ಮಾತ್ರ. ಅವ್ವ ಬಲಗಿವಿ ಮೇಲಾಗಿ ಮಲಗಿದ್ದಳು.

ಮಾತ್ರೆಯ ವಿಚಾರದಲ್ಲಿ ಎರಡು ಪ್ರಸ್ಥಾನಗಳಿವೆ. ರಾಣಿಯದು ತ್ಯಾಗಪ್ರಸ್ಥಾನ: ಇಡ್ಲಿಯೊಳಗೆ ಹುದುಗಿಸಿದ ಮಾತ್ರೆಯ ಸುತ್ತಲ ಇಡ್ಲಿಯನ್ನೆಲ್ಲ ತಿಂದು ಮಾತ್ರೆಯನ್ನು ತೊಳೆದಿಟ್ಟಂತೆ ತಟ್ಟೆಯಲ್ಲಿ ಬಿಡುವುದು. ಅವ್ವನದು ಗುಪ್ತಪ್ರಸ್ಥಾನ: ದವಡೆಯಲ್ಲಿ ಇಟ್ಟುಕೊಂಡು, ನೀರು ಕುಡಿದು, ‘ಆ’ ಎಂದು ಬಾಯಿ ತೆರೆದು ತೋರಿಸಿ, ಆಮೇಲೆ ಸೆರಗಿನ ತುದಿಗೆ ಗಂಟು ಹಾಕುವುದು. ನಾಲ್ಕನೆಯ ದಿನ ಆ ಗಂಟು ಬಿಚ್ಚಿದಾಗ ಮಂಡಿನೋವಿನ ಮೂರು ಮಾತ್ರೆ ಸಿಕ್ಕವು. ಒಂದು ಅರ್ಧಕ್ಕೆ ಮುರಿದಿತ್ತು. ಉಳಿದರ್ಧ ಎಲ್ಲಿ ಎಂದೆ. “ಅವಳು ನೋವು ತಿನ್ನದ ನೋಡಕಾಗದೆ ಕೊಡಾನ ಅಂತಿದ್ದೆ, ಕೆಳಗೆ ಬಿದ್ದೋಯ್ತು.”

ಇಲ್ಲಿ ಪ್ರಬಂಧಕಾರ ಅಣಕವನ್ನು ಒಂದು ಗಳಿಗೆ ಬದಿಗಿಡುತ್ತಾನೆ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ಸಲ್ಲದು; ಐಬುಪ್ರೊಫೆನ್‌ನಂಥದ್ದು ಅದರ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಟಾರ್ಚ್ ಹಿಡಿದು ಮಂಚದ ಕೆಳಗೆ ತೆವಳಿದೆ. ಅರ್ಧ ಮಾತ್ರೆ ಗೋಡೆಯ ಮೂಲೆಯಲ್ಲಿ ಸಿಕ್ಕಿತು. ಎದ್ದು ಹೊರಬರುವಾಗ ನನ್ನ ಕೈ ನಡುಗುತ್ತಿತ್ತು. ಅವ್ವ ಮಾತಾಡಲಿಲ್ಲ, ಸೆರಗನ್ನು ಬಿಡಿಸಿ ಮಡಿಲಲ್ಲಿ ಹರವಿ ತೋರಿಸಿದಳು, ಇನ್ನೇನೂ ಇಲ್ಲ ಎಂಬಂತೆ.

ಉಷ್ಣಮಾಪನದ ಪ್ರಕರಣವನ್ನು ಚಿಕ್ಕದಾಗಿ ಮುಗಿಸಬಹುದು. ನಾಯಿಯ ಮೈ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಸಂಖ್ಯೆ ಕಿವಿಗೆ ಬಿದ್ದಿದ್ದೇ ತಡ ಅವ್ವ ಕಷಾಯ ಕಾಯಿಸು ಎಂದಳು. ಮನೆಯಲ್ಲಿ ಥರ್ಮಾಮೀಟರುಗಳು ಎರಡು, ಒಂದಕ್ಕೆ ಕೆಂಪು ದಾರ. ಒಂಬತ್ತನೆಯ ದಿನ ದಾರ ಬಿಚ್ಚಿಹೋಗಿತ್ತು. ಎರಡನ್ನೂ ಎಸೆದು ಹೊಸದೆರಡು ತಂದೆ.

ದೊಡ್ಡ ವಿವಾದವೆದ್ದದ್ದು ಬಾಣಂತನದ ಸುತ್ತ. ಪೂರ್ವಪಕ್ಷ (ಅವ್ವ): ಹೊಟ್ಟೆ ಕೊಯ್ದವಳಿಗೆ ಮೆಣಸು, ಬೆಳ್ಳುಳ್ಳಿ ಹಾಕಿದ ಸಾರು ಕೊಡಬೇಕು, ಹೊಟ್ಟೆಗೆ ಬಟ್ಟೆ ಬಿಗಿಯಬೇಕು. ಸಿದ್ಧಾಂತ (ನಾನು): ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಕೂಡದು. ಬಟ್ಟೆ ಕಟ್ಟುವುದು ಮೌಢ್ಯ. ಅವ್ವ ಬೆಳ್ಳುಳ್ಳಿಯನ್ನು ಬಿಟ್ಟುಕೊಟ್ಟಳು, ಬಟ್ಟೆಯನ್ನು ಬಿಡಲಿಲ್ಲ. ನಾನು ಪೇಟೆಗೆ ಹೋಗಿದ್ದ ಹೊತ್ತಿನಲ್ಲಿ ಹಳೆಯ ವಾಯಿಲ್ ಸೀರೆಯೊಂದನ್ನು ಕತ್ತರಿಸಿ, ನಾಲ್ಕು ಕಾಲಿಗೆ ನಾಲ್ಕು ತೂತು ಬಿಟ್ಟು, ಬೆನ್ನ ಮೇಲೆ ಲಾಡಿ ಕಟ್ಟುವ ಅಂಗಿ ಹೊಲಿದಿದ್ದಳು. ಬಂದು ನೋಡಿದರೆ ಕೋನ್ ಮೂಲೆಯಲ್ಲಿ, ರಾಣಿ ನೀಲಿ ಹೂವಿನ ಅಂಗಿಯಲ್ಲಿ, ಆರು ದಿನಗಳಲ್ಲಿ ಮೊದಲ ಬಾರಿಗೆ ಗೊರಕೆ ಹೊಡೆಯುತ್ತಿದ್ದಳು. ಡಾಕ್ಟರಿಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ಹೊಲಿಗೆ ಮುಚ್ಚಿ ಗಾಳಿಯಾಡುವ ಹಾಗಿದ್ದರೆ ಇದೇ ಒಳ್ಳೆಯದು ಎಂದರು. ಮೌಢ್ಯವೆಂಬ ಪದವನ್ನು ಪ್ರಬಂಧದ ಮುಂದಿನ ಕರಡಿನಿಂದ ತೆಗೆಯಲಾಗಿದೆ.

ಇಷ್ಟಕ್ಕೆಲ್ಲ ಶಾಸನಾಧಾರ ಉಂಟೇ ಎಂದು ಕೇಳುವವರಿದ್ದಾರೆ. ಉಂಟು, ಅದೂ ಅವ್ವನ ತಾಲ್ಲೂಕಿನಲ್ಲೇ. ಶಕವರ್ಷ 872ರ ಆತಕೂರು ಶಾಸನ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಅವನ ದೊರೆ, ಮೆಚ್ಚಿದೆ, ಬೇಕಾದ್ದು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವಿದ್ವಾಂಸರು ಅದರಲ್ಲಿ ರಾಷ್ಟ್ರಕೂಟ, ಗಂಗ, ಚೋಳರ ರಾಜಕಾರಣ ಓದಿದ್ದಾರೆ. ನನ್ನ ಕಣ್ಣು ನಿಂತದ್ದು ಕೊನೆಯ ಷರತ್ತಿನ ಮೇಲೆ: ಆ ಭೂಮಿ ನೋಡಿಕೊಳ್ಳುವ ಗೊರವ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ. ಆರೈಕೆಗೆ ನಿಂತವನ ಊಟದ ಸರದಿಯನ್ನು ಹತ್ತನೆಯ ಶತಮಾನದಲ್ಲೇ ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ.

ಅವ್ವ ಆ ಕಲ್ಲನ್ನು ಕಂಡವಳಲ್ಲ, ಶಾಸನ ಓದಿದವಳೂ ಅಲ್ಲ. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡು ಬಂದು, ಅವ್ವನಿಗೆ ರಾತ್ರಿಯ ಮಾತ್ರೆ ಕೊಟ್ಟು, ದವಡೆ ನೋಡಿ, ಸೆರಗು ನೋಡಿ, ಹತ್ತೂವರೆಗೆ ತಟ್ಟೆಗೆ ಮುದ್ದೆ ಹಾಕಿಕೊಂಡು ಕೂತೆ. ಮೊದಲ ತುತ್ತು ಮುರಿದಿದ್ದೆನಷ್ಟೆ, ಕತ್ತಲಲ್ಲಿ ಮಂಚದ ಕಡೆಯಿಂದ ದನಿ ಬಂತು:

“ರಾಣಿಗೆ ಇಕ್ಕುದ್ಯೇನ್ಲಾ?”