ಡ್ರ್ಯಾಗನ್ನಿನ ಲೆಕ್ಕಪತ್ರ

ಫ್ರಾಂಕ್ ಹರ್ಬರ್ಟನ 'ಡ್ಯೂನ್' ಕಾದಂಬರಿಯ ಹಸ್ತಪ್ರತಿಯನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ನಮಗಾಗದು ಎಂದು ವಾಪಸು ಕಳಿಸಿದ್ದರು. ಕೊನೆಗೆ 1965ರಲ್ಲಿ ಅದನ್ನು ಪುಸ್ತಕ ಮಾಡಿದ್ದು ಚಿಲ್ಟನ್ ಎಂಬ ಕಂಪನಿ. ಅವರು ಹೆಸರು ಮಾಡಿದ್ದು ಕಾರು ರಿಪೇರಿ ಕೈಪಿಡಿಗಳಲ್ಲಿ. ಕಾರ್ಬುರೇಟರ್ ಬಿಚ್ಚುವ ವಿಧಾನ ಹೇಳುತ್ತಿದ್ದವರೇ ಆ ಕಾದಂಬರಿಯ ಮರಳುಹುಳುವಿನ ಬೆನ್ನೇರುವ ವಿಧಾನವನ್ನೂ ಲೋಕಕ್ಕೆ ತಿಳಿಸಿದರು. ಈ ಸಂಗತಿ ಗೊತ್ತಾದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಬ್ಯಾಂಕಿನಲ್ಲಿ ಲೆಡ್ಜರು ಬರೆದುಕೊಂಡು ಕಾಲ ಹಾಕಿದವನಿಗೆ ಅನ್ಯಗ್ರಹ, ಮಂತ್ರವಾದಿ, ಡ್ರ್ಯಾಗನ್ನು ಎಂಬ ಹುಚ್ಚು ಯಾಕೆ ಹತ್ತಿತು ಎಂದು ಕೇಳುವವರ ಬಾಯಿ ಮುಚ್ಚಿಸಲು ಒಂದು ಸಾಕ್ಷಿ ಸಿಕ್ಕಿತು.

ನನ್ನನ್ನು ನೋಡಿದವರು ಪಾಪ, ಕನಸುಗಾರ ಅಂದುಕೊಳ್ಳುತ್ತಾರೆ. ಹೆಂಡತಿಯೂ ಮೊದಲು ಹಾಗೇ ನಂಬಿದ್ದಳು. ಆಮೇಲೆ ಒಂದು ದಿನ, ಕಾದಂಬರಿಯ ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಗುಣಾಕಾರ ಮಾಡುತ್ತ ಕೂತಿದ್ದನ್ನು ನೋಡಿ, "ಇದೇನ್ರೀ, ಮನೆಗೂ ಕೆಲಸ ತಂದಿದೀರಾ?" ಎಂದಳು. ಅವಳಿಗೆ ಅರ್ಥವಾಗಿತ್ತು. ಇಲ್ಲದ ಲೋಕಕ್ಕೂ ಲೆಕ್ಕ ಸರಿಹೋಗಬೇಕು ಎನ್ನುವವನೇ ಈ ಕಾದಂಬರಿಗಳ ನಿಜವಾದ ಅಭಿಮಾನಿ. ಡ್ರ್ಯಾಗನ್ ಇದೆ ಅಂದರೆ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾನೆ; ಅದು ದಿನಕ್ಕೆ ಎಷ್ಟು ಕುರಿ ತಿನ್ನುತ್ತದೆ ಎಂದು ಹೇಳದಿದ್ದರೆ ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಇದು ನನ್ನೊಬ್ಬನ ಕಾಯಿಲೆಯಲ್ಲ ಎಂಬುದಕ್ಕೆ ಲ್ಯಾರಿ ನಿವೆನ್ ಪಟ್ಟ ಪಾಡು ನೋಡಬೇಕು. 1970ರಲ್ಲಿ ಆತ 'ರಿಂಗ್‌ವರ್ಲ್ಡ್' ಬರೆದ. ಒಂದು ನಕ್ಷತ್ರ, ಅದರ ಸುತ್ತ ಭೂಮಿಯ ಕಕ್ಷೆಯಷ್ಟು ದೊಡ್ಡ ಬಳೆ, ಬಳೆಯ ಒಳಮೈಯಲ್ಲಿ ಕಾಡು, ಕಡಲು, ಊರು, ಕೇರಿ. ಇಂಥದ್ದನ್ನು ಕಲ್ಪಿಸಿಕೊಟ್ಟವನಿಗೆ ಶಾಲು ಹೊದಿಸಿ ಹಾರ ಹಾಕಬೇಕಿತ್ತು. ಪ್ರಶಸ್ತಿಗಳೂ ಬಂದವು ಅನ್ನಿ. ಆದರೆ 1971ರಲ್ಲಿ ಬಾಸ್ಟನ್ನಿನಲ್ಲಿ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆದಾಗ ಎಂಐಟಿಯ ಹುಡುಗರು ಹೋಟೆಲಿನ ಕಾರಿಡಾರುಗಳಲ್ಲಿ, ಆ ಬಳೆ ಸ್ಥಿರವಾಗಿ ನಿಲ್ಲುವುದಿಲ್ಲ ಎಂದು ಘೋಷಣೆ ಕೂಗುತ್ತ ಓಡಾಡಿದರು. ಸಂಬಳ ಹೆಚ್ಚಿಸಿ ಎಂದಲ್ಲ, ಸರ್ಕಾರ ಇಳಿಯಲಿ ಎಂದಲ್ಲ. ಇಲ್ಲದ ಬಳೆಯೊಂದು ಸ್ವಲ್ಪ ಆಚೀಚೆ ಸರಿದರೂ ನಕ್ಷತ್ರಕ್ಕೆ ಢಿಕ್ಕಿ ಹೊಡೆಯುತ್ತದೆ ಎಂಬ ಕಳಕಳಿಗೆ ಘೋಷಣೆ! ನಿವೆನ್ ಸುಮಾರು ಹತ್ತು ವರ್ಷದ ಮೇಲೆ ಎರಡನೆಯ ಕಾದಂಬರಿ ಬರೆದು, ಬಳೆಯ ಅಂಚಿಗೆ ಎಂಜಿನ್ನುಗಳನ್ನು ಕೂರಿಸಿ ಅದನ್ನು ಭದ್ರ ಮಾಡಿದ. ಮೊದಲ ಮುದ್ರಣದಲ್ಲಿ ಭೂಮಿಯನ್ನೇ ತಿರುಗುಮುರುಗಾಗಿ ತಿರುಗಿಸಿದ್ದನ್ನೂ ಓದುಗರು ಹಿಡಿದಿದ್ದರು. ಟೋಲ್ಕಿನ್ ಈ ವಿಷಯದಲ್ಲಿ ಜಾಣ. ಬಯ್ಯಿಸಿಕೊಳ್ಳುವ ಮೊದಲೇ ತನ್ನ ಮಹಾಕಾದಂಬರಿಯ ದಿನಗಳಿಗೂ ಚಂದ್ರನ ಕಲೆಗಳಿಗೂ ತಾಳೆ ನೋಡಿ ತಿದ್ದಿದ್ದ. ಆತನ ಹಾಬಿಟ್ಟುಗಳು ಯಾವ ರಾತ್ರಿ ಯಾವ ಊರಿನಲ್ಲಿದ್ದರು, ಆಗ ಶುಕ್ಲಪಕ್ಷವೋ ಕೃಷ್ಣಪಕ್ಷವೋ ಎಂದು ಕೇಳಿದರೆ ಉತ್ತರವಿದೆ. ನಮ್ಮ ಕಡೆ ಮದುವೆಯ ಕರೆಯೋಲೆಗಳಲ್ಲೇ ತಿಥಿ ತಪ್ಪಾಗಿ ಅಚ್ಚಾಗುತ್ತದೆ.

ಮನೆಯಲ್ಲಿ ಈ ಪುಸ್ತಕಗಳಿಗೆ ಮೊದಲು ಅನುಮತಿ ಸಿಕ್ಕಿದ್ದು ಆರ್ಥರ್ ಕ್ಲಾರ್ಕನ ದಯೆಯಿಂದ. ಅವನ 'ರೆಂಡೆವೂ ವಿತ್ ರಾಮ' 1973ರದ್ದು. ಐವತ್ತು ಕಿಲೋಮೀಟರ್ ಉದ್ದದ ಉರುಳೆಯಾಕಾರದ ವಸ್ತುವೊಂದು ಎಲ್ಲಿಂದಲೋ ಸೌರಮಂಡಲಕ್ಕೆ ಬರುತ್ತದೆ. ಆ ಹೊತ್ತಿಗೆ ಖಗೋಳಜ್ಞರ ಬಳಿ ಗ್ರೀಕ್, ರೋಮನ್ ದೇವರುಗಳ ಹೆಸರೆಲ್ಲ ಖರ್ಚಾಗಿ ಹಿಂದೂ ದೇವತೆಗಳ ಸರದಿ ಬಂದಿರುವುದರಿಂದ ಅದಕ್ಕೆ ರಾಮ ಎಂದು ಹೆಸರು. ನನ್ನ ಸೋದರತ್ತೆಗೆ ಇಂಗ್ಲಿಷ್ ಬಾರದು, ಆದರೆ ನಾನು ಹೆಸರನ್ನು ಓದಿ ಹೇಳಿದಾಗ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ನಾನು ಓದಿ ಮುಗಿಸಿದ ಸಂಜೆ, ಹೂ ಕಟ್ಟುತ್ತ ಕೇಳಿದರು:

"ಕೊನೆಗೆ ರಾಮ ಏನು ಮಾಡ್ತಾನೋ?"

"ಯಾರನ್ನೂ ಮಾತಾಡಿಸಲ್ಲ ಅತ್ತೆ. ಸೂರ್ಯನ ಹತ್ತಿರ ಹಾದು, ಹಾಗೇ ಹೊರಟು ಹೋಗ್ತಾನೆ."

"ಸೂರ್ಯವಂಶದೋನಲ್ವಾ. ದೊಡ್ಡೋರನ್ನ ನೋಡ್ಕೊಂಡು ಹೋಗಕ್ಕೆ ಬಂದಿರ್ತಾನೆ."

ಆ ಕಾದಂಬರಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಒಳನೋಟ ಸಿಕ್ಕಿಲ್ಲ. ರಾಮ ಯಾಕೆ ಬಂದ ಎಂದು ಕ್ಲಾರ್ಕ್ ಬಾಯಿ ಬಿಡದೆ ಬಿಟ್ಟಿದ್ದನ್ನು ನಮ್ಮತ್ತೆ ಒಂದೇ ವಾಕ್ಯದಲ್ಲಿ ಬಗೆಹರಿಸಿದರು.

ನಮ್ಮ ದೇವರುಗಳು ಆ ಕಡೆ ಬೇರೆಯವರಿಗೂ ಕೆಲಸಕ್ಕೆ ಬಂದಿದ್ದಾರೆ. ರೋಜರ್ ಜೆಲಾಜ್ನಿಯ 'ಲಾರ್ಡ್ ಆಫ್ ಲೈಟ್' (1967) ಕಾದಂಬರಿಯಲ್ಲಿ ದೂರದ ಗ್ರಹವೊಂದರಲ್ಲಿ ನೆಲೆಸಿದ ಮನುಷ್ಯರು ಯಂತ್ರಬಲದಿಂದ ಯಮ, ಅಗ್ನಿ, ಕಾಳಿ ಎಂದು ಮೆರೆಯುತ್ತಾರೆ. ಇದನ್ನು ಸಿನಿಮಾ ಮಾಡಲು ಹೊರಟವರ ಕೈ ಸೋತು ಚಿತ್ರಕಥೆ ಮೂಲೆ ಸೇರಿತ್ತು. 1980ರ ಜನವರಿಯಲ್ಲಿ ಟೆಹರಾನಿನಲ್ಲಿ ಕೆನಡಾದವರ ಆಸರೆಯಲ್ಲಿ ಅಡಗಿದ್ದ ಆರು ಅಮೆರಿಕನ್ ರಾಜತಾಂತ್ರಿಕರನ್ನು ಹೊರಗೆ ತರಲು ಸಿಐಎ ಇದೇ ಚಿತ್ರಕಥೆಗೆ 'ಆರ್ಗೊ' ಎಂದು ಹೆಸರು ಬದಲಿಸಿ, ನಾವು ಶೂಟಿಂಗ್ ಜಾಗ ನೋಡಲು ಬಂದ ಸಿನಿಮಾದವರು ಎಂದು ನಂಬಿಸಿತು. ಕಾಗದಪತ್ರ ಸರಿಯಿದ್ದರೆ ಯಮನೂ ಇಮಿಗ್ರೇಷನ್ ಕೌಂಟರು ದಾಟಿಸುತ್ತಾನೆ.

ಕಾದಂಬರಿಗಳಲ್ಲಿ ಲೆಕ್ಕ ನೋಡುತ್ತಿದ್ದವನಿಗೆ ಸ್ವತಃ ಲೆಕ್ಕ ಇಡುವ ಅಧಿಕಾರ ಸಿಕ್ಕಿದ್ದು ಆಟದಿಂದ. ತಂಗಿಯ ಮಗ ಅಮೆರಿಕದಿಂದ ಬಂದವನು, "ಮಾಮ, ಇದು ನಿಮಗೇ ಸರಿ" ಎಂದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ಹಳೆಯ ನಿಯಮಪುಸ್ತಕಗಳನ್ನು ಕೈಗಿಟ್ಟ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಅದು, ಮೊದಲ ಸಲ ಅಚ್ಚಾದದ್ದು ಸಾವಿರ ಪ್ರತಿ. ಗೈಗ್ಯಾಕ್ಸ್ ಮೊದಲು ವಿಮಾ ಕಂಪನಿಯಲ್ಲಿದ್ದವನು, ಕೆಲಸ ಹೋದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಶೂ ರಿಪೇರಿ ಮಾಡಿದವನು. ಪುಸ್ತಕ ತೆರೆದರೆ ಪುಟಪುಟಕ್ಕೂ ಕೋಷ್ಟಕ. ಯಾವ ಕತ್ತಿ ಯಾವ ಕವಚಕ್ಕೆ ಎಷ್ಟು ತಾಗುತ್ತದೆ, ಎಷ್ಟನೇ ಮಹಡಿ ಕೆಳಗಿಳಿದರೆ ಎಂಥ ಪಿಶಾಚಿ ಎದುರಾಗುತ್ತದೆ. ಯಾವ ಅಪಾಯಕ್ಕೆ ಎಷ್ಟು ಎಂದು ಕೋಷ್ಟಕ ನೋಡಿ ಕಂತು ನಿಗದಿ ಮಾಡುತ್ತಿದ್ದ ಕೈ ಅದು ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು.

ಆಟವೆಂದರೇನು ಎಂದು ನಮ್ಮವರಿಗೆ ವಿವರಿಸುವುದು ಕಷ್ಟವಾಗಿತ್ತು. ಮಣೆಯಿಲ್ಲ, ಕಾಯಿಲ್ಲ, ಗೆಲುವಿಲ್ಲ, ಸೋಲಿಲ್ಲ. ಸುತ್ತ ಕೂತು ಒಬ್ಬ ನಾನು ಕಳ್ಳ ಅನ್ನುತ್ತಾನೆ, ಇನ್ನೊಬ್ಬ ನಾನು ಮಂತ್ರವಾದಿ ಅನ್ನುತ್ತಾನೆ; ನಡುವೆ ಒಬ್ಬ ಕತೆ ನಡೆಸುತ್ತಾನೆ. ಕುಂದಾಪುರದ ಗೆಳೆಯ ಪೂರ್ತಿ ಕೇಳುವ ತಾಳ್ಮೆಯಿಲ್ಲದೆ, "ಎಂತದು ಮಾರಾಯ್ರೆ, ಇದು ತಾಳಮದ್ದಳೆ ಅಲ್ದಾ?" ಎಂದ. ಅಲ್ಲಿಗೆ ವಿವರಣೆ ಮುಗಿಯಿತು. ವೇಷವಿಲ್ಲ, ಕುಣಿತವಿಲ್ಲ, ಪಂಚೆಯುಟ್ಟು ಕೂತಲ್ಲೇ ಒಬ್ಬ ಕೃಷ್ಣ, ಒಬ್ಬ ಕೌರವ; ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಆ ಹೊತ್ತಿಗೆ ಹೊಳೆದದ್ದನ್ನು ಮಾತಾಗಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ ಕೇಳಿದವರು, ರಾಮನೇ ಇವತ್ತು ಸೋಲುತ್ತಾನೇನೋ ಎಂದು ಅನುಮಾನಪಟ್ಟು ಮನೆಗೆ ಹೋಗುತ್ತಿದ್ದರಂತೆ. ಆದರೆ ವಾದದಲ್ಲಿ ಎಷ್ಟೇ ಗೆದ್ದರೂ ವಾಲಿ ಪ್ರಸಂಗದಲ್ಲಿ ಸಾಯಲೇಬೇಕು. ಡ್ರ್ಯಾಗನ್ ಆಟದಲ್ಲಿ ಆ ಕಟ್ಟು ಸಡಿಲ. ಅಲ್ಲಿ ದಾಳ ಒಪ್ಪಿದರೆ ವಾಲಿ ಬದುಕಿ ಉಳಿಯುತ್ತಾನೆ. ಮುಂದಿನ ವಾರ ಸೀತೆಯನ್ನು ಹುಡುಕುವುದು ಯಾರು ಎಂದು ಭಾಗವತರು ತಲೆ ಕೆರೆದುಕೊಳ್ಳಬೇಕು.

ದಾಳವೇ ದೊಡ್ಡ ತೊಡಕು. ಇಪ್ಪತ್ತು ಮುಖದ ದಾಳ ನಮ್ಮ ಪೇಟೆಯಲ್ಲಿ ಎಲ್ಲಿ ಸಿಗಬೇಕು? ಆಟ ಹೊರತಂದ ಕಂಪನಿಗೇ 1979ರಲ್ಲಿ ದಾಳಗಳ ಕೊರತೆಯಾಗಿ, ಪೆಟ್ಟಿಗೆಯಲ್ಲಿ ಅಂಕಿ ಬರೆದ ರಟ್ಟಿನ ಚೂರುಗಳನ್ನಿಟ್ಟು ಮಾರಿದ್ದರು ಎಂದು ಓದಿದ ಮೇಲೆ ದಾರಿ ಹೊಳೆಯಿತು. ಸ್ಟಾಫ್ ಕ್ಲಬ್ಬಿನ ಹೌಸಿ ಪೆಟ್ಟಿಗೆಯಿಂದ ಒಂದರಿಂದ ಇಪ್ಪತ್ತರವರೆಗಿನ ಬಿಲ್ಲೆಗಳನ್ನು ತಂದು ಸ್ಟೀಲ್ ಚೊಂಬಿಗೆ ಹಾಕಿದೆವು. ಯಾವ ಅಂಕಿ ಬರಲೂ ನೂರಕ್ಕೆ ಐದು ಅವಕಾಶ, ದಾಳದಲ್ಲೂ ಅಷ್ಟೇ, ಚೊಂಬಿನಲ್ಲೂ ಅಷ್ಟೇ. ತೆಗೆದ ಬಿಲ್ಲೆಯನ್ನು ಮತ್ತೆ ಚೊಂಬಿಗೆ ಹಾಕಲು ಮರೆಯಬಾರದು, ಅಷ್ಟೆ.

ರಾಕ್ಷಸನ ವಿಷಯಕ್ಕೆ ಮಾತ್ರ ಜಗಳವೇ ಆಯಿತು. ಇದೇ ಆಟದ 1977ರ 'ಮಾನ್ಸ್ಟರ್ ಮ್ಯಾನ್ಯುಯಲ್'ನಲ್ಲಿ ರಾಕ್ಷಸ ಎಂಬ ಹೆಸರಿನಲ್ಲೇ ಒಬ್ಬನಿದ್ದಾನೆ. ಚಿತ್ರದಲ್ಲಿ ಹುಲಿತಲೆ, ಮೈಮೇಲೆ ಸಾಹೇಬರು ಮನೆಯಲ್ಲಿ ತೊಡುವಂಥ ನಿಲುವಂಗಿ, ಕೈಯಲ್ಲಿ ಪೈಪು. ನಾವು ಯಾರನ್ನು ನಂಬುತ್ತೇವೋ ಅವರ ರೂಪದಲ್ಲೇ ಕಾಣಿಸಿಕೊಂಡು ಹತ್ತಿರ ಬರುತ್ತಾನೆ, ಮಂತ್ರಿಸಿದ ಬಾಣ ತಾಗಿದರೆ ಸಾಯುತ್ತಾನೆ. ಇದೆಲ್ಲ ವಾಲ್ಮೀಕಿಯಿಂದ ಬಂದದ್ದಲ್ಲ. ಆಗಿನ ಒಂದು ಅಮೆರಿಕನ್ ಟೀವಿ ಧಾರಾವಾಹಿಯಿಂದ ಎತ್ತಿದ್ದು. ಕುಂದಾಪುರದವನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಇವನು ರಾಕ್ಷಸನಲ್ಲ, ಚಿಕ್ಕಮಗಳೂರಿನ ಹಳೇ ಎಸ್ಟೇಟ್ ಮ್ಯಾನೇಜರು ಎಂದು ತೀರ್ಮಾನ ಕೊಟ್ಟ. ಕತೆ ನಡೆಸುವ ತನ್ನ ಸರದಿಯಲ್ಲಿ ಅವನು ತಂದ ರಾಕ್ಷಸ ಮುಖದ ತುಂಬ ಚಿಟ್ಟೆ ಇಟ್ಟ ಯಕ್ಷಗಾನದ ಬಣ್ಣದ ವೇಷದವನು. ತೆರೆಯ ಹಿಂದಿನ ಆರ್ಭಟ, ಒಡ್ಡೋಲಗ ಎಲ್ಲ ಮುಗಿಯುವ ಹೊತ್ತಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಅಮೆರಿಕದಲ್ಲಿ 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆ ಎಂದು ಕೆಲವರು ಗುಲ್ಲೆಬ್ಬಿಸಿ, ಕಂಪನಿ 1989ರ ಆವೃತ್ತಿಯಲ್ಲಿ ದೆವ್ವಗಳಿಗೆ ಬೇರೆ ಹೆಸರಿಡಬೇಕಾಯಿತು. ನಮ್ಮ ಬೀದಿಯಲ್ಲಿ ದೆವ್ವದ ಬಗ್ಗೆ ಯಾರದೂ ಆಕ್ಷೇಪಣೆ ಇರಲಿಲ್ಲ, ಸದ್ದಿನ ಬಗ್ಗೆ ಮಾತ್ರ ಇತ್ತು.

ಇಷ್ಟೆಲ್ಲ ಇದ್ದರೂ ನನ್ನ ಮನಸ್ಸು ಸೋತದ್ದು 'ಟ್ರಾವೆಲರ್'ಗೆ. 1977ರ ಈ ಆಟ ಅಂತರಿಕ್ಷದ್ದು. ಇದರಲ್ಲಿ ಪಾತ್ರವನ್ನು ತಯಾರಿಸುವುದೆಂದರೆ ಅವನನ್ನು ನೌಕರಿಗೆ ಸೇರಿಸುವುದು. ನಾಲ್ಕು ವರ್ಷಕ್ಕೊಂದು ಅವಧಿ, ಪ್ರತಿ ಅವಧಿಗೂ ದಾಳ ಹಾಕಿ ಬದುಕಿದನೋ ಇಲ್ಲವೋ ನೋಡಬೇಕು. ಆಟ ಶುರುವಾಗುವ ಮೊದಲೇ ಪಾತ್ರ ತೀರಿಕೊಳ್ಳಬಹುದು. ಬದುಕಿದರೆ ಬಡ್ತಿ ಉಂಟು. ಮೂವತ್ತನಾಲ್ಕು ದಾಟಿದರೆ ವಯಸ್ಸಿನ ಕಾಟ ಶುರು, ಶಕ್ತಿ ಕುಂದುತ್ತದೆ. ಐದು ಅವಧಿ, ಅಂದರೆ ಇಪ್ಪತ್ತು ವರ್ಷ ಸೇವೆ ಪೂರೈಸಿದವನಿಗೆ ವರ್ಷಕ್ಕೆ 4000 ಕ್ರೆಡಿಟ್ ಪಿಂಚಣಿ! ಯಾವ ಪುರಾಣದಲ್ಲಿ ವೀರನಿಗೆ ಪಿಂಚಣಿ ಇದೆ ಹೇಳಿ. ಅದೃಷ್ಟವಿದ್ದ ವ್ಯಾಪಾರಿ ನಿವೃತ್ತಿಯ ಹೊತ್ತಿಗೆ ಒಂದು ಗಗನನೌಕೆಯನ್ನೂ ಪಡೆಯುತ್ತಾನೆ, ಅದರ ಮೇಲಿನ ಸಾಲದ ಸಮೇತ. ಹಡಗಿನ ಬೆಲೆಯ 240ನೇ ಒಂದು ಭಾಗ ತಿಂಗಳ ಕಂತು, ಒಟ್ಟು 480 ಕಂತು. ನಾನು ಕೂಡಲೇ ಲೆಕ್ಕ ಹಾಕಿದೆ: ನಲವತ್ತು ವರ್ಷ, ಅಸಲಿನ ಎರಡರಷ್ಟು. ಹಡಗಿನಂಥ ಓಡಿಹೋಗುವ ಆಸ್ತಿಯ ಮೇಲೆ ಇಷ್ಟು ದೀರ್ಘಾವಧಿಯ ಸಾಲವನ್ನು ಯಾವ ಮ್ಯಾನೇಜರು ಮಂಜೂರು ಮಾಡಿದನೋ ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ನಮ್ಮ ನಾಯಕ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತಿದ್ದದ್ದು ವಿಶ್ವರಹಸ್ಯ ತಿಳಿಯಲಿಕ್ಕಲ್ಲ, ಮುಂದಿನ ಕಂತು ಕಟ್ಟಲಿಕ್ಕೆ. ಇಷ್ಟು ನಿಜವಾದ ಕತೆಯನ್ನು ನಾನು ಸಾಮಾಜಿಕ ಕಾದಂಬರಿಗಳಲ್ಲೂ ಓದಿಲ್ಲ.

ಪಕ್ಕದ ಮನೆಯವರು ಬಾಗಿಲು ತಟ್ಟಿದರೆಂದೆನಲ್ಲ, ಅವರು ನಿವೃತ್ತ ಆಡಿಟರು. ಬಯ್ಯಲು ಬಂದವರು ಕೋಷ್ಟಕಗಳನ್ನು ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಮಂತ್ರವಾದಿಯಾಗಲು ಒಪ್ಪಲಿಲ್ಲ, ಯೋಧನಾಗಲೂ ಒಪ್ಪಲಿಲ್ಲ. ತಂಡದ ಖಜಾಂಚಿಯಾಗಿ ಇರುತ್ತೇನೆಂದರು. ನಾವು ಗುಹೆ ಹೊಕ್ಕು, ಮಲಗಿದ್ದ ಡ್ರ್ಯಾಗನ್ನನ್ನೂ ಅದರ ಹೊಟ್ಟೆಯಡಿಯ 50,000 ಚಿನ್ನದ ನಾಣ್ಯಗಳನ್ನೂ ಕಂಡು, ಕತ್ತಿ ಹಿರಿದು ನಿಂತಿದ್ದೆವು. ಅವರು ಕನ್ನಡಕ ಏರಿಸಿ ಪುಸ್ತಕ ಕೇಳಿದರು.

"ಹತ್ತು ನಾಣ್ಯಕ್ಕೆ ಒಂದು ಪೌಂಡ್ ತೂಕ ಅಂತ ಇದೆಯಲ್ರೀ. ಐದು ಸಾವಿರ ಪೌಂಡ್ ಆಯ್ತು. ಎರಡು ಟನ್ನಿಗೂ ಮೇಲೆ. ಹೊರೋರು ಯಾರು?"

ಯಾರೂ ಮಾತಾಡಲಿಲ್ಲ. ಗಾಡಿ ಬಾಡಿಗೆ, ಎತ್ತಿನ ಮೇವು, ದಾರಿಯ ಕಾವಲು, ಊರಬಾಗಿಲ ಸುಂಕ ಎಲ್ಲವನ್ನೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕೂಡಿದರು.

"ಇಲ್ಲೇ ಇರಲಿ ಬಿಡಿ. ಲಾಕರ್ ಬಾಡಿಗೆ ಇಲ್ಲ, ಕಾವಲಿಗೆ ಡ್ರ್ಯಾಗನ್ನೇ ಇದೆ. ಬೇಕಾದಾಗ ಬಂದು ಸ್ವಲ್ಪ ಸ್ವಲ್ಪ ತಗೊಂಡು ಹೋಗೋಣ. ಅದನ್ನ ಎಬ್ಬಿಸಿ, ಕೇಳಿ."

ಎಬ್ಬಿಸಿದೆವು. ಕುಂದಾಪುರದವನು ಚೊಂಬಿಗೆ ಕೈ ಹಾಕಿದ. ಹದಿನೇಳು ಬಂತು. ಡ್ರ್ಯಾಗನ್ ಒಪ್ಪಿತು, ಆದರೆ ತಿಂಗಳಿಗೆ ಎರಡು ಕುರಿ ಸರ್ವಿಸ್ ಚಾರ್ಜು ಎಂದಿತು. ಒಂದಕ್ಕೆ ಇಳಿಸಬೇಕೆಂದು ಆಡಿಟರು ಮೂರು ಭಾನುವಾರದಿಂದ ಅದರೊಂದಿಗೆ ವಾದಿಸುತ್ತಿದ್ದಾರೆ, ನಮಗೆ ಕತ್ತಿ ಒರೆಗೆ ಹಾಕಲೂ ಬಿಡುತ್ತಿಲ್ಲ.