ಬಸ್ಸುಮನೆಯ ಯಜಮಾನರು

ಗುಜರಿ ಸೇರಬೇಕಿದ್ದ ಶಾಲಾ ಬಸ್ಸನ್ನು ಕೊಂಡು, ಸೀಟು ಕಿತ್ತು, ಮಂಚ ಹಾಕಿಸಿ, ಒಲೆ ಹೂಡಿ, ಅದರಲ್ಲೇ ಲಡಾಖ್‌ಗೆ ಹೋಗಿಬರುತ್ತೇನೆ ಎನ್ನುವವರು ಬಸ್ಸುಮನೆಯ ಯಜಮಾನರು. ಚಿಕ್ಕಬಳ್ಳಾಪುರದಲ್ಲಿ ಇವರು ದ್ರಾಕ್ಷಿ ತೋಟದವರು, ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರು, ಚಿಂತಾಮಣಿಯಲ್ಲಿ ಟೊಮೆಟೊ ಮಂಡಿಯವರು, ಗೌರಿಬಿದನೂರಿನಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರು. ವಯಸ್ಸು ಐವತ್ತು ದಾಟಿರುತ್ತದೆ, ಮಗ ಬೆಂಗಳೂರಿನಲ್ಲಿರುತ್ತಾನೆ, ಫೋನಿನಲ್ಲಿ ಅಮೆರಿಕದ ಯಾರದೋ ಬಸ್ಸಿನ ವಿಡಿಯೊ ಓಡುತ್ತಿರುತ್ತದೆ.

2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಶಾಲೆಗಳು ಮುಚ್ಚಿ ಹಳದಿ ಬಸ್ಸುಗಳು ನಿಂತಲ್ಲೇ ನಿಂತಾಗ ಯಜಮಾನರ ಕಣ್ಣು ಅವುಗಳ ಮೇಲೆ ಬಿತ್ತು. ಈ ಸೀಮೆಯ ಪದ್ಧತಿಯಂತೆ ಚೌಕಾಸಿ ತೆಲುಗಿನಲ್ಲಿ ನಡೆಯುತ್ತದೆ, ಕಾಗದ ಕನ್ನಡದಲ್ಲಿ ಆಗುತ್ತದೆ.

ಮೊದಲು ಸೀಟು ಕೀಳುತ್ತಾರೆ. ಅಡಿಯಲ್ಲಿ ಪೆನ್ಸಿಲ್ ತುಂಡು, ಒಂಟಿ ಕಾಲುಚೀಲ, ಕಲ್ಲಾದ ಚೂಯಿಂಗ್ ಗಮ್ ಸಿಗುತ್ತವೆ. ಕಿತ್ತ ಸೀಟುಗಳನ್ನು ಜಗಲಿಯಲ್ಲಿ ಹಾಕುವುದು ದೊಡ್ಡ ತಪ್ಪು. ಮರುದಿನದಿಂದ ಊರಿನ ಸಲಹೆಗಾರರೆಲ್ಲ ಅವುಗಳ ಮೇಲೆ ಸಾಲಾಗಿ ಕೂರುತ್ತಾರೆ.

ಅವರಲ್ಲೊಬ್ಬರು ವಾಸ್ತು ಎತ್ತುತ್ತಾರೆ. ಮನೆಯೆಂದ ಮೇಲೆ ಬಾಗಿಲು ಪೂರ್ವಕ್ಕಿರಬೇಕು. ನಮ್ಮ ಬಸ್ಸಿಗೆ ಬಾಗಿಲು ಎಡಗಡೆ. ಅದು ಪೂರ್ವ ನೋಡಬೇಕಾದರೆ ಬಸ್ಸು ದಕ್ಷಿಣಕ್ಕೆ ಮುಖ ಮಾಡಬೇಕು. ಲಡಾಖ್ ಉತ್ತರಕ್ಕಿದೆ. ಹೋಗುವ ದಾರಿಯುದ್ದಕ್ಕೂ ಬಾಗಿಲು ಪಶ್ಚಿಮಕ್ಕೆ! ಪರಿಹಾರ ಸಿಗುವವರೆಗೆ ಬಸ್ಸು ಕನ್ಯಾಕುಮಾರಿಯ ಕಡೆ ಮುಖ ಮಾಡಿ ಹುಣಸೆಮರದ ಕೆಳಗೆ ನಿಲ್ಲುತ್ತದೆ.

ಒಳಗೆ ಸ್ಟೀಲ್ ಸಿಂಕು, ಮಿಕ್ಸಿ, ದೇವರ ಗೂಡು ಎಲ್ಲ ಬರುತ್ತವೆ. ಮನೆಯವರು ಒಮ್ಮೆ ಹತ್ತಿ ನೋಡುತ್ತಾರೆ. “ಇದ್ರಾಗೆ ಮುದ್ದೆ ತಿರುವೋದೆಂಗೆ? ಮೊಣಕೈ ಕಿಟಕಿಗೆ ಬಡೀತೈತೆ” ಎಂದು ಇಳಿಯುತ್ತಾರೆ. ಅಂದಿನಿಂದ ಅಡುಗೆ ಬಸ್ಸಿನ ಹೊರಗೆ, ಮೂರು ಕಲ್ಲಿನ ಒಲೆಯ ಮೇಲೆ.

ಕಾಯ್ದೆಯ ನೆನಪು ಬಣ್ಣ ಒಣಗಿದ ಮೇಲೆ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದಲ್ಲಿರುವುದಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಕ್ಯಾರವಾನ್ ಎಂಬ ಬೇರೆ ವರ್ಗವೇನೋ ಇದೆ. ಆದರೆ ಮಂಚಕ್ಕೆ ಬೋಲ್ಟ್ ಹೊಡೆದ ಮಾತ್ರಕ್ಕೆ ಬಸ್ಸು ಆ ವರ್ಗಕ್ಕೆ ಬಡ್ತಿ ಪಡೆಯುವುದಿಲ್ಲ. ಸಾಲದ್ದಕ್ಕೆ 2022ರ ಏಪ್ರಿಲ್‌ನಲ್ಲಿ 15 ವರ್ಷ ಮೀರಿದ ದೊಡ್ಡ ಬಸ್ಸಿನ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಶುಲ್ಕ 12,500 ರೂಪಾಯಿಗೆ ಏರಿತು. ಕೆಎ-40ರ ಚಿಕ್ಕಬಳ್ಳಾಪುರದವರು ಕೆಎ-67ರ ಚಿಂತಾಮಣಿಯ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ದಾರಿಯಲ್ಲಿ ಭೇಟಿಯಾಗಿ ಕಾಫಿ ಕುಡಿಯುತ್ತಾರೆ.

ವೇಗದ ಲೆಕ್ಕ ಬೇರೆ ಇದೆ. ಶಾಲಾ ಬಸ್ಸಿನ ವೇಗ ನಿಯಂತ್ರಕ 40 ಕಿ.ಮೀ.ಗೆ ಕಟ್ಟಿದ್ದು. ಲೇಹ್ 3,000 ಕಿ.ಮೀ.ಗೂ ಆಚೆ. ಎಲ್ಲೂ ನಿಲ್ಲದೆ ಓಡಿಸಿದರೂ 75 ಗಂಟೆ. ಯಜಮಾನರಿಗೋ ಗಂಟೆಗೊಮ್ಮೆ ಟೀ ಬೇಕು.

ಬಸ್ಸು ಕೊನೆಗೂ ಹೊರಡುವುದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ, ತಂಗಿಯ ಮನೆಯವರ ನಾಗರಪ್ರತಿಷ್ಠೆಗೆ. ಬೀಗರೆಲ್ಲ ಹತ್ತುತ್ತಾರೆ. ಮಂಚದ ಮೇಲೆ ಆರು ಜನ, ಸಿಂಕಿನಲ್ಲಿ ಹೂವಿನ ಬುಟ್ಟಿ. ಉಳಿದವರಿಗೆ ಜಾಗ ಸಾಲದೆ, ಜಗಲಿಯ ಸೀಟುಗಳನ್ನು ತಂದು ಮತ್ತೆ ಒಳಗೆ ಇಡುತ್ತಾರೆ. ಹೊಸ ಬಣ್ಣದಡಿಯಿಂದ ‘ಶಾಲಾ ಬಸ್ಸು’ ಎಂಬ ಅಕ್ಷರ ಇಣುಕುತ್ತಿರುವುದರಿಂದ, ಮೊದಲ ತಿರುವಿನಲ್ಲೇ ಬ್ಯಾಗು ಹೊತ್ತ ಇಬ್ಬರು ಮಕ್ಕಳು ಕೈ ಅಡ್ಡ ಹಿಡಿಯುತ್ತಾರೆ. ಯಜಮಾನರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.