ಮಾಜಿ ರಾಷ್ಟ್ರಪ್ರಾಣಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಸಿಂಹರಾಜರು,
ಮಾಜಿ ರಾಷ್ಟ್ರಪ್ರಾಣಿ,
ಗಿರ್ ಅರಣ್ಯ, ಸೌರಾಷ್ಟ್ರ.

ವಿಷಯ: ಕೈತಪ್ಪಿದ ಹುದ್ದೆಯನ್ನು ಮತ್ತೆ ಕೇಳದಿರುವ ಬಗ್ಗೆ.

ಮಾನ್ಯರೇ,

ತಮ್ಮನ್ನು ಮರಳಿ ರಾಷ್ಟ್ರಪ್ರಾಣಿಯ ಪಟ್ಟಕ್ಕೆ ತರಬೇಕೆಂಬ ಪ್ರಸ್ತಾಪವೊಂದು 2015ರಲ್ಲಿ ದೆಹಲಿಯ ಪರಿಸರ ಸಚಿವಾಲಯದವರೆಗೂ ಹೋಗಿತ್ತು. ಅದು ಅಲ್ಲಿಗೇ ನಿಂತರೂ ತಮ್ಮ ಅಭಿಮಾನಿಗಳು ಸುಮ್ಮನಾದಂತಿಲ್ಲ. ಕಾಡಿನ ರಾಜ ಬದುಕಿರುವಾಗ ಇನ್ನೊಬ್ಬರಿಗೆ ಪಟ್ಟವೇ ಎಂಬುದು ಅವರ ತಕರಾರು. 1969ರಲ್ಲಿ ಭಾರತೀಯ ವನ್ಯಜೀವಿ ಮಂಡಳಿ ತಮ್ಮನ್ನು ರಾಷ್ಟ್ರಪ್ರಾಣಿಯಾಗಿ ಆರಿಸಿತು, 1972ರಲ್ಲಿ ಅದೇ ಮಂಡಳಿ ಆ ಜಾಗಕ್ಕೆ ಹುಲಿಯನ್ನು ತಂದಿತು. ಮೂರೇ ವರ್ಷ. ಅವಧಿ ಮುಗಿಸಲಾಗದ್ದಕ್ಕೆ ತಾವು ನಾಚಿಕೊಳ್ಳಬೇಕಿಲ್ಲ. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿಗಳಿಗೇ ಅದು ಅಪರೂಪ. ಮೇಲಾಗಿ, ಹುದ್ದೆ ಹೋದರೂ ಸರ್ಕಾರಿ ಬಂಗಲೆ ಬಿಡದ ಮಾಜಿಗಳ ಸಾಲಿನಲ್ಲಿ ತಮ್ಮದೇ ಮೊದಲ ಹೆಸರು. 1950ರ ಜನವರಿ 26ರಿಂದ ಸಾರನಾಥದ ಕಂಬದ ನಾಲ್ಕು ಸಿಂಹಗಳು (ಕಾಣುವುದು ಮೂರೇ) ಈ ದೇಶದ ಲಾಂಛನ. ಪಾಸ್‌ಪೋರ್ಟಿನ ಮೇಲೆ ತಾವೇ, ನೋಟಿನ ಮೇಲೆ ತಾವೇ. ಹುಲಿಗೆ ಹುದ್ದೆ ಸಿಕ್ಕಿತು, ಮೊಹರು ತಮ್ಮ ಬಳಿಯೇ ಉಳಿಯಿತು. ಆಡಳಿತ ಬಲ್ಲವರು ಇದರಲ್ಲಿ ಯಾವುದು ಲಾಭವೆಂದು ಹೇಳಬಲ್ಲರು.

ಪ್ರಾಣಿಯೊಂದು ದೇಶದ ಗುರುತಾಗುವುದು ಅದರ ಶೌರ್ಯ ನೋಡಿ, ಗಾಂಭೀರ್ಯ ನೋಡಿ ಎಂದು ಶಾಲೆಯ ಪಠ್ಯ ಹೇಳುತ್ತದೆ. 1972ರ ಲೆಕ್ಕ ಬೇರೆ ಹೇಳುತ್ತದೆ. ಆ ವರ್ಷದ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು 1,827. ಅಯ್ಯೋ ಇಷ್ಟೇನಾ ಎಂಬ ಗಾಬರಿಯೇ ಪಟ್ಟಕ್ಕೆ ದಾರಿಯಾಯಿತು ಎನ್ನುವುದಾದರೆ, 1968ರ ಗಣತಿಯಲ್ಲಿ ತಾವು ಇದ್ದದ್ದು ಬರೀ 177. ಅಳಿವಿನ ಅಂಚೇ ಅರ್ಹತೆಯಾಗಿದ್ದರೆ ತಾವು ಹುಲಿಗಿಂತ ಹತ್ತು ಪಟ್ಟು ಅರ್ಹರು. ತಮ್ಮಲ್ಲಿ ಇಲ್ಲದ್ದು ಕ್ಷೇತ್ರ. ತಾವು ಒಂದೇ ರಾಜ್ಯದ ಒಂದೇ ಕಾಡಿನವರು. ಹುಲಿಯೋ ಸುಂದರಬನದಿಂದ ಬಂಡೀಪುರದವರೆಗೆ ಹರಡಿಕೊಂಡ ಕುಟುಂಬ. ಮರುವರ್ಷ ಹುಲಿ ಯೋಜನೆ ಬಂದಾಗ ಮೊದಲ ಒಂಬತ್ತು ಮೀಸಲುಗಳನ್ನು ಬೇರೆ ಬೇರೆ ರಾಜ್ಯಗಳಿಗೆ ಹಂಚಲು ಸಾಧ್ಯವಾಯಿತು, ಕರ್ನಾಟಕದ ಪಾಲಿಗೆ ಬಂಡೀಪುರ ಬಂತು. ಜೊತೆಗೆ ಹೊರದೇಶಗಳ ಕಣ್ಣೂ ಹುಲಿಯ ಮೇಲೆಯೇ ಇತ್ತು: 1969ರಲ್ಲಿ ದೆಹಲಿಯಲ್ಲೇ ಸೇರಿದ್ದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆ ಹುಲಿಗಾಗಿಯೇ ಕೂಗೆಬ್ಬಿಸಿತ್ತು. ಪ್ರಾದೇಶಿಕ ಸಮತೋಲನ ಮತ್ತು ಹೈಕಮಾಂಡಿನ ಒಲವು. ಮಂತ್ರಿಮಂಡಲ ರಚಿಸುವವರಿಗೆ ಬೇಕಾದದ್ದೂ ಇವೆರಡೇ.

ಪಟ್ಟ ಕಟ್ಟಿದ ಕೈಗಳನ್ನೂ ಒಮ್ಮೆ ನೋಡಬೇಕು. ಸರ್ಗುಜಾದ ಮಹಾರಾಜರೊಬ್ಬರ ಹೆಸರಿನಲ್ಲೇ ಸಾವಿರಕ್ಕೂ ಹೆಚ್ಚು ಹುಲಿಗಳನ್ನು ಹೊಡೆದ ಲೆಕ್ಕವಿದೆ. ಸ್ವಾತಂತ್ರ್ಯ ಬಂದ ಮೇಲೂ ಡಾಲರ್ ತೆತ್ತ ವಿದೇಶಿಯರಿಗೆ ಹುಲಿ ಹೊಡೆಸಿ ಕಳಿಸುವ ಶಿಕಾರಿ ಕಂಪನಿಗಳು ರಾಜಾರೋಷವಾಗಿ ನಡೆದವು. ಹೊಡೆದದ್ದಕ್ಕೆ ರೂಪ ಕೊಡಲು ನಮ್ಮ ಮೈಸೂರು ಇತ್ತು. ವಾನ್ ಇಂಗೆನ್ ಕಾರ್ಖಾನೆಯಲ್ಲಿ ಹದ ಮಾಡಿದ ಹುಲಿತಲೆಗಳು ಇಂದಿಗೂ ದೇಶವಿದೇಶದ ಅರಮನೆ, ಕ್ಲಬ್ಬುಗಳ ಗೋಡೆಯ ಮೇಲಿವೆ: ಗಾಜಿನ ಕಣ್ಣು, ಸುಕ್ಕುಗಟ್ಟಿದ ಮೂಗು, ಹಿಂದಕ್ಕೆ ಸೆಳೆದ ತುಟಿ, ಪೂರ್ತಿ ಕಾಣುವ ಕೋರೆಹಲ್ಲು. ಬದುಕಿದ್ದಾಗ ಹಗಲೆಲ್ಲ ನೆರಳಲ್ಲಿ ಬಿದ್ದು ನಿದ್ದೆ ಮಾಡುವ ಪ್ರಾಣಿ ಸತ್ತ ಮೇಲೆ ಬಿಡುವಿಲ್ಲದೆ ಘರ್ಜಿಸಬೇಕಾಯಿತು. ಲಾಂಛನವಾಗುವ ತರಬೇತಿ ಇಲ್ಲಿಂದಲೇ ಶುರು. ಬೇಕಿರುವುದು ಪ್ರಾಣಿಯ ಮುಖ. ಅದರ ಹಸಿವು, ಹರದಾರಿ, ಹಿಕ್ಕೆ ಯಾರಿಗೂ ಬೇಡ.

ಇದು ಹೊಸ ರೋಗವೇನಲ್ಲ. ಹೊಯ್ಸಳರ ಕತೆಯಲ್ಲಿ ಸಳ ಹೊಡೆದದ್ದು ಹುಲಿಯನ್ನು. ಬೇಲೂರಿನ ಶಿಲ್ಪದಲ್ಲಿ ಅದಕ್ಕೆ ಕೇಸರ ಬಂದಿದೆ. ಶಿಲ್ಪಿಗೆ ತಮ್ಮ ಕೂದಲು ಚಂದ ಕಂಡಿರಬೇಕು, ಹೊಯ್ಸಳ ದೊರೆಗಳೂ ಆಕ್ಷೇಪಿಸಿದಂತಿಲ್ಲ. ಟಿಪ್ಪು ಹುಲಿಯನ್ನು ತನ್ನ ಗುರುತಾಗಿಸಿಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಸೈನಿಕರಿಗೆ ಹಂಚಿದ ಪದಕದಲ್ಲಿ ಬ್ರಿಟಿಷ್ ಸಿಂಹವೊಂದು ಹುಲಿಯನ್ನು ಕೆಡವಿ ಮೆಟ್ಟಿದೆ. ಕಾಡಿನಲ್ಲಿ ಒಂದೇ ಒಂದು ಸಿಂಹವಿಲ್ಲದ ದ್ವೀಪದವರು ಸಿಂಹದ ಹೆಸರಿನಲ್ಲಿ ಗೆದ್ದರು. ಆ ಜಗಳದಲ್ಲಿ ತಮ್ಮನ್ನಾಗಲಿ ಹುಲಿಯನ್ನಾಗಲಿ ಯಾರೂ ಒಂದು ಮಾತು ಕೇಳಿರಲಿಲ್ಲ.

ಇಲ್ಲಿ ತಮ್ಮ ಅಭಿಮಾನಿಗಳು ಎದ್ದು ನಿಂತು ಕೇಳುವ ಪ್ರಶ್ನೆ ನನಗೆ ಗೊತ್ತು: ಮುಖವೋ ಮುಖವಾಡವೋ, ಪಟ್ಟ ಸಿಕ್ಕಿದ್ದರಿಂದಲೇ ಅಲ್ಲವೇ ಹುಲಿ ಉಳಿದದ್ದು? ತೂಕದ ಪ್ರಶ್ನೆಯೇ. ಆದರೆ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. ಹುಲಿ ಬೇಟೆಗೆ ನಿಷೇಧ ಬಿದ್ದದ್ದು 1970ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರ ಸೆಪ್ಟೆಂಬರಿನಲ್ಲಿ. ಪಟ್ಟ ಬಂದದ್ದು ಅದಾದ ಮೇಲೆ, ನವೆಂಬರಿನಲ್ಲಿ. ಕೋವಿ ಕೆಳಗಿಡಿಸಿದ್ದು ಕಾಯಿದೆ. ಬಿರುದು ಹಿಂದಿನಿಂದ ಬಂದು ಫೋಟೋಗೆ ನಿಂತಿತು. ಮುಂದೆ ಮೂವತ್ತು ವರ್ಷ ಪಟ್ಟದಲ್ಲಿದ್ದ ಹುಲಿಯ ಕತೆ ಏನಾಯಿತು? ರಾಜಸ್ಥಾನದ ಸರಿಸ್ಕಾದಲ್ಲಿ ಕಡತದೊಳಗೆ ಹುಲಿಗಳು ಸುಖವಾಗಿ ಓಡಾಡಿಕೊಂಡಿದ್ದವು. 2005ರ ಹೊತ್ತಿಗೆ ನೋಡಿದರೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. 2006ರ ಅಂದಾಜಿನಲ್ಲಿ ಇಡೀ ದೇಶದ ಹುಲಿಗಳು 1,411. ಹಳೆಯ ಹೆಜ್ಜೆಗುರುತಿನ ಲೆಕ್ಕಕ್ಕೂ ಹೊಸ ಕ್ಯಾಮೆರಾ ಲೆಕ್ಕಕ್ಕೂ ನೇರ ಹೋಲಿಕೆ ಸಲ್ಲದು, ಒಪ್ಪುತ್ತೇನೆ. ಆದರೂ ರಾಷ್ಟ್ರಪ್ರಾಣಿ ಎಂಬ ಬೋರ್ಡು ಸರಿಸ್ಕಾದಲ್ಲಿ ಒಂದು ಉರುಳನ್ನೂ ತಡೆಯಲಿಲ್ಲ. ಆಮೇಲೆ ಕಾಯಿದೆ ತಿದ್ದಿದರು, ಹುಲಿ ಸಂರಕ್ಷಣಾ ಪ್ರಾಧಿಕಾರ ಕಟ್ಟಿದರು, ಕಾಡಿನ ತುಂಬ ಕ್ಯಾಮೆರಾ ಕಟ್ಟಿದರು. 2022ರ ಅಂದಾಜು 3,682ಕ್ಕೆ ಏರಿತು. 785 ಹುಲಿಗಳ ಮಧ್ಯಪ್ರದೇಶದ ಹಿಂದೆ 563ರೊಡನೆ ಕರ್ನಾಟಕ ಎರಡನೆಯದು. ಇದೇ ಅವಧಿಯಲ್ಲಿ, ಪಟ್ಟ ಕಳೆದುಕೊಂಡ ತಾವು ಎಷ್ಟಾದಿರಿ? 2025ರ ಗಣತಿಯಲ್ಲಿ 891. ಅಧಿಕಾರ ಹೋದ ಮೇಲೆ ಸಂಸಾರ ಐದು ಪಟ್ಟು ಬೆಳೆದ ಮಾಜಿಗಳು ತಾವೊಬ್ಬರೇ ಅಲ್ಲದಿದ್ದರೂ, ನ್ಯಾಯವಾಗಿ ಬೆಳೆದವರು ತಾವೊಬ್ಬರೇ.

ಬಿರುದಿಲ್ಲದವರ ಪಾಡು ನೋಡಿ ಎಂದು ಇನ್ನೂ ಕೆಲವರು ಎರೆಭೂತ ಹಕ್ಕಿಯನ್ನು ತೋರಿಸುತ್ತಾರೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದರೆ ಹೆಚ್ಚು ಜನಕ್ಕೆ ತಿಳಿದೀತು. ಅದನ್ನು ರಾಷ್ಟ್ರಪಕ್ಷಿ ಮಾಡಿ ಎಂದು ಸಲೀಂ ಅಲಿಯವರು ಹೇಳಿದ್ದರು. 1963ರಲ್ಲಿ ಗೆದ್ದದ್ದು ನವಿಲು. ಇಂದು ಎರೆಭೂತ ಅಳಿವಿನ ಅಂಚಿಗೆ ಬಂದು ನಿಂತಿದೆ. ಆದರೆ ಅದನ್ನು ಕೊಲ್ಲುತ್ತಿರುವುದು ಬಿರುದಿನ ಕೊರತೆಯಲ್ಲ, ಹುಲ್ಲುಗಾವಲಿನ ಮೇಲೆ ಹಾದ ವಿದ್ಯುತ್ ತಂತಿ. ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೂ ಹುಲಿಯಷ್ಟೇ ರಕ್ಷಣೆಯಿದೆ. ಆ ತಂತಿ ಬಿರುದು ಓದಿ ಪಕ್ಕಕ್ಕೆ ಸರಿಯುವುದಿಲ್ಲ. ಆನೆಗೆ 2010ರಲ್ಲಿ ರಾಷ್ಟ್ರೀಯ ಪಾರಂಪರಿಕ ಪ್ರಾಣಿ ಎಂಬ ಪದವಿ ಕೊಟ್ಟರು. ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಆ ಪದವೀಧರನನ್ನು ಅಟ್ಟಲು ಇವತ್ತಿಗೂ ಪಟಾಕಿಯೇ ಗತಿ.

ತಮ್ಮ ನಿಜವಾದ ತೊಂದರೆ ಬೇರೆ ಇದೆ. ದೇಶ ಕೈಬಿಟ್ಟ ರಾಷ್ಟ್ರಪ್ರಾಣಿಯನ್ನು ರಾಜ್ಯವೊಂದು ಬಿಗಿಯಾಗಿ ಅಪ್ಪಿಕೊಂಡಿದೆ. ಒಂದೇ ಕಡೆ ಇದ್ದರೆ ಒಂದು ಸಾಂಕ್ರಾಮಿಕಕ್ಕೆ ವಂಶವೇ ಹೋದೀತು ಎಂದು ತಜ್ಞರು ಹೇಳಿದರು. ಮಧ್ಯಪ್ರದೇಶದ ಕುನೋದಲ್ಲಿ 24 ಹಳ್ಳಿಗಳನ್ನು ಎಬ್ಬಿಸಿ ತಮಗೆ ಜಾಗ ಮಾಡಿದರು. 2013ರಲ್ಲಿ ಸುಪ್ರೀಂ ಕೋರ್ಟ್ ತಮ್ಮನ್ನು ಅಲ್ಲಿಗೆ ಕಳಿಸಿ ಎಂದಿತು. ತಾವು ಹೋಗಲಿಲ್ಲ, ಅಂದರೆ ಕಳಿಸಲಿಲ್ಲ. ರಾಜ್ಯದ ಹೆಮ್ಮೆಯನ್ನು ಲಾರಿಯಲ್ಲಿ ಹಾಕಿ ಗಡಿ ದಾಟಿಸುವುದುಂಟೇ? 2018ರಲ್ಲಿ ಗಿರ್‌ನಲ್ಲಿ ಕೆಲವೇ ವಾರಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು; ನಾಯಿಗಳಿಗೆ ಬರುವ ಡಿಸ್ಟೆಂಪರ್ ಸೋಂಕು ಪತ್ತೆಯಾಯಿತು. ಎರಡನೆಯ ಮನೆಯಾಗಿ ಬರ್ಡಾ ಅಭಯಾರಣ್ಯ ಇದೆಯಲ್ಲ ಎನ್ನುತ್ತಾರೆ. ಇದೆ, ಅದೂ ಸೌರಾಷ್ಟ್ರದಲ್ಲೇ. ಕುನೋಗೆ 2022ರಲ್ಲಿ ನಮೀಬಿಯಾದಿಂದ ವಿಮಾನದಲ್ಲಿ ಚೀತಾಗಳು ಬಂದಿಳಿದವು. ಸಾವಿರಾರು ಮೈಲಿ ದೂರದ ಆಫ್ರಿಕಾ ತಮ್ಮ ಗಿರ್‌ಗಿಂತ ಹತ್ತಿರವಾಯಿತು.

ಹಾಗಾದರೆ ಲಾಂಛನವೇ ಬೇಡವೇ ಎಂದರೆ, ಬೇಕು. ಆದರೆ ಹಸಿವಿಲ್ಲದ್ದು ಬೇಕು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳು ಸತ್ತು ಬಿದ್ದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹಸು ಕಳೆದುಕೊಂಡವನಿಗೆ ಕಂಡದ್ದು ರಾಷ್ಟ್ರಪ್ರಾಣಿಯಲ್ಲ, ಹಟ್ಟಿ ಬರಿದು ಮಾಡಿದ ಪ್ರಾಣಿ. ಹಾಗೆಂದು ವಿಷವಿಟ್ಟದ್ದು ಸರಿಯಾಗುವುದಿಲ್ಲ. ಪರಿಹಾರದ ಹಣ ಹೊತ್ತಿಗೆ ಕೈಸೇರುವ ಊರಿನಲ್ಲಿ ವಿಷದ ಬಾಟಲಿಗೆ ಕೈ ಹೋಗುವುದು ಕಡಿಮೆ ಎಂದಷ್ಟೇ ನನ್ನ ಮಾತು. ಈ ವಿಷಯದಲ್ಲಿ ಮೈಸೂರು ದೊರೆಗಳು ಜಾಣರು. ಅವರು ಆರಿಸಿಕೊಂಡು, ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಕೂತಿರುವ ಎರಡು ತಲೆಯ ಗಂಡಭೇರುಂಡ ಯಾರ ಶೇಂಗಾ ಹೊಲವನ್ನೂ ಕೆದಕಿಲ್ಲ, ಯಾರ ಕರುವನ್ನೂ ಎಳೆದೊಯ್ದಿಲ್ಲ, ನಾಲ್ಕು ವರ್ಷಕ್ಕೊಮ್ಮೆ ಗಣತಿಯನ್ನೂ ಕೇಳಿಲ್ಲ. ಸ್ಕಾಟ್ಲೆಂಡಿನವರೂ ಇದೇ ಲೆಕ್ಕದಲ್ಲಿ ಒಂಟಿಕೊಂಬಿನ ಕುದುರೆಯನ್ನು ಇಟ್ಟುಕೊಂಡಿದ್ದಾರೆ.

ಆದ್ದರಿಂದ ಸಿಂಹರಾಜರೇ, ಅಭಿಮಾನಿಗಳ ಮಾತಿಗೆ ಮರುಳಾಗಿ ಹುದ್ದೆಗೆ ಅರ್ಜಿ ಹಾಕಬೇಡಿ. ಹಾಕಲೇಬೇಕಿದ್ದರೆ ವರ್ಗಾವಣೆಗೆ ಹಾಕಿ. ಕೋರ್ಟಿನ ಆದೇಶ ಆಗಲೇ ಕೈಯಲ್ಲಿದೆ. ಇಷ್ಟು ಗಟ್ಟಿಯಾದ ಕಾಗದವಿದ್ದೂ ವರ್ಗವಾಗದ ನೌಕರ ಈ ದೇಶದಲ್ಲಿ ಇನ್ನೊಬ್ಬರಿರಲಾರರು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆದಾರ

ಪ್ರತಿಗಳು:
ಹುಲಿರಾಯರು, ಹಾಲಿ ರಾಷ್ಟ್ರಪ್ರಾಣಿ, ಬಂಡೀಪುರ: ಮಾಹಿತಿಗಾಗಿ.
ಗಂಡಭೇರುಂಡ, ವಿಧಾನಸೌಧ, ಬೆಂಗಳೂರು: ಅಗತ್ಯ ಕ್ರಮಕ್ಕಾಗಿ.